ಇದು ನನ್ನ ಕವಿತೆಯೋ, ಅವರದೋ?

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಸುತ್ತಿ ಬಳಸಿ ಒಂದೇ ಕಡೆ ಬಂದು ನಿಲ್ಲುತ್ತವೆ: ಇನ್ನೊಬ್ಬ ಕವಿಯನ್ನು ಓದಿ ಬರೆದದ್ದು ನನ್ನದಾಗುತ್ತದೆಯೆ? ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಉಳಿಸಿಕೊಂಡು ಇವನ್ನೇ ಒಟ್ಟಿಗೆ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನನಗೀಗ ನಲವತ್ತೆರಡು. ಸಹಕಾರಿ ಬ್ಯಾಂಕಿನಲ್ಲಿ ಕೆಲಸ. ಹೈಸ್ಕೂಲಿನಿಂದಲೂ ಬೇಂದ್ರೆ ಎಂದರೆ ಹುಚ್ಚು. ಬರೆಯಲು ಕೂತರೆ ಲಯವೂ ಅವರದೇ, ಮಾತೂ ಅವರದೇ. ಕಳೆದ ವರ್ಷ ಕವಿಗೋಷ್ಠಿಯೊಂದರಲ್ಲಿ ನಾನು ಓದಿ ಮುಗಿಸಿದಾಗ ಹಿರಿಯರೊಬ್ಬರು, “ಬೇಂದ್ರೆಯವರದ್ದನ್ನು ನಾವು ಆಗಲೇ ಕೇಳಿದ್ದೇವಲ್ಲಮ್ಮ” ಅಂದರು. ಎಲ್ಲರೂ ನಕ್ಕರು. ಆಮೇಲೆ ಒಂದು ಸಾಲೂ ಬರೆದಿಲ್ಲ. ಬೇಂದ್ರೆಯವರನ್ನು ಓದುವುದನ್ನೇ ನಿಲ್ಲಿಸಬೇಕೆ?
— ಹೆಸರು ಬೇಡ, ಸಾಗರ ತಾಲ್ಲೂಕು

ಉತ್ತರ: ನಿಮ್ಮ ಪತ್ರದಲ್ಲಿ ಎರಡು ನೋವುಗಳು ಹೆಣೆದುಕೊಂಡಿವೆ. ನಾಲ್ಕು ಜನರೆದುರು ಆದ ಮುಖಭಂಗ ಒಂದು; ತನ್ನದೆನ್ನುವ ದನಿಯೇ ತನಗಿಲ್ಲವೇನೋ ಎಂಬ ಅಳುಕು ಇನ್ನೊಂದು. ಮೊದಲನೆಯದಕ್ಕೆ ನಾನು ಹೆಚ್ಚೇನೂ ಮಾಡಲಾರೆ. ಗೋಷ್ಠಿಗಳಲ್ಲಿ ಕೆಲವರು ನಗು ಗಿಟ್ಟಿಸಲು ಇಂಥ ಮಾತು ಆಡುವುದುಂಟು. ಅದನ್ನು ವಿಮರ್ಶೆ ಎಂದುಕೊಳ್ಳಬೇಡಿ. ಎರಡನೆಯದು ನಿಜವಾದ ಪ್ರಶ್ನೆ. ಅದನ್ನು ನಿಧಾನವಾಗಿ ಬಿಡಿಸೋಣ.

ಬೇಂದ್ರೆಯವರನ್ನು ಖಂಡಿತ ಬಿಡಬೇಡಿ. ಈ ದಾರಿಯಲ್ಲಿ ನೀವು ಒಬ್ಬರೇ ಇಲ್ಲ. ನಮಗೆ ಸಿಕ್ಕಿರುವ ಕನ್ನಡದ ಮೊದಲ ಗ್ರಂಥ, ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’, ದಂಡಿಯ ‘ಕಾವ್ಯಾದರ್ಶ’ವನ್ನು ಎದುರಿಗಿಟ್ಟುಕೊಂಡೇ ಹುಟ್ಟಿದ್ದು. ರನ್ನನ ‘ಗದಾಯುದ್ಧ’ಕ್ಕೆ ಬೀಜ ಪಂಪಭಾರತದ ಹದಿಮೂರನೆಯ ಆಶ್ವಾಸದಲ್ಲಿದೆ, ಭಟ್ಟನಾರಾಯಣನ ‘ವೇಣೀಸಂಹಾರ’ ನಾಟಕದ ಋಣವೂ ಅದಕ್ಕಿದೆ. ನಾಗಚಂದ್ರನಂತೂ ‘ಅಭಿನವ ಪಂಪ’ ಎಂದೇ ಹೆಸರಾದ. ಹೀಗಿದ್ದೂ ರನ್ನನನ್ನು ಓದಿದವರು ಪಂಪನ ನಕಲು ಎನ್ನುವುದಿಲ್ಲ. ಪಂಪನಲ್ಲಿ ದೊಡ್ಡ ಕಥೆಯ ಕೊನೆಯ ಒಂದು ಭಾಗವಾಗಿ ಬರುವ ಗದಾಯುದ್ಧವನ್ನು ರನ್ನ ಇಡೀ ಕಾವ್ಯವಾಗಿ ಹಿಗ್ಗಿಸಿ, ಭಾರತದ ಕಥೆಯನ್ನೆಲ್ಲ ಅಲ್ಲಿಂದ ಹಿಂದಿರುಗಿ ನೋಡುತ್ತಾನೆ. (ಸಿಂಹಾವಲೋಕನ ಕ್ರಮ ಎಂದರೆ ಇದೇ: ಮುಂದಕ್ಕೆ ನಡೆಯುತ್ತಲೇ ನಡೆದು ಬಂದದ್ದನ್ನು ತಿರುಗಿ ನೋಡುವುದು.) ನಿಂತ ಜಾಗ ಬೇರೆಯಾದ್ದರಿಂದ ಕಂಡದ್ದೂ ಬೇರೆಯಾಯಿತು.

ನಿಮ್ಮ ಅಂಜಿಕೆಯನ್ನೇ ಕಾಶ್ಮೀರದ ಆನಂದವರ್ಧನ ಒಂಬತ್ತನೆಯ ಶತಮಾನದಲ್ಲಿ ಎತ್ತಿಕೊಂಡಿದ್ದ. ‘ಧ್ವನ್ಯಾಲೋಕ’ದ ನಾಲ್ಕನೆಯ ಉದ್ಯೋತದಲ್ಲಿ (ಅಧ್ಯಾಯದಲ್ಲಿ) ಅವನು ಸಂವಾದದ (ಒಬ್ಬರ ಕಾವ್ಯ ಇನ್ನೊಬ್ಬರದನ್ನು ಹೋಲುವುದರ) ವಿಚಾರ ಹೇಳುತ್ತ ಅದನ್ನು ಮೂರು ಬಗೆ ಮಾಡುತ್ತಾನೆ. ಕನ್ನಡಿಯಲ್ಲಿ ಬಿದ್ದ ಬಿಂಬದ ಹೋಲಿಕೆ ಒಂದು. ಅದಕ್ಕೆ ಬೇರೆ ಜೀವವೇ ಇಲ್ಲ. ಬರೆದ ಚಿತ್ರದ ಹೋಲಿಕೆ ಇನ್ನೊಂದು. ಅಲ್ಲಿ ಬಣ್ಣ ಬದಲಾಗಿರಬಹುದು, ಒಳಗೆ ಹುರುಳಿಲ್ಲ. ಒಬ್ಬ ಮನುಷ್ಯ ಇನ್ನೊಬ್ಬನನ್ನು ಹೋಲುವುದು ಮೂರನೆಯದು. ಮೊದಲಿನೆರಡನ್ನು ಬಿಡಬೇಕು, ಮೂರನೆಯದಕ್ಕೆ ಕವಿ ಹೆದರಬೇಕಿಲ್ಲ ಎಂಬುದು ಅವನ ತೀರ್ಮಾನ. ನನ್ನ ಮಟ್ಟಿಗೆ, ಇದಕ್ಕಿಂತ ಉಪಯೋಗಕ್ಕೆ ಬರುವ ಮಾತನ್ನು ಆಮೇಲೆ ಯಾರೂ ಹೇಳಿದಂತಿಲ್ಲ. ಆನಂದವರ್ಧನನ ವಿಚಾರ ಇನ್ನಷ್ಟು ಬೇಕೆನಿಸಿದರೆ ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಬಿಡುವಿನಲ್ಲಿ ಓದಿ. ದಪ್ಪ ಪುಸ್ತಕವೆಂದು ಗಾಬರಿಯಾಗಬೇಡಿ, ತಿಳಿಯಾಗಿದೆ.

ನೀವು ಕಳಿಸಿದ ಎರಡು ಕವಿತೆಗಳಿಗೆ ಬರುತ್ತೇನೆ. ಲಯ ಬೇಂದ್ರೆಯವರದು ಎಂಬುದು ನನಗೆ ತೊಂದರೆಯಾಗಿ ಕಾಣಲಿಲ್ಲ. ಆ ಮಟ್ಟುಗಳಲ್ಲಿ ಎಷ್ಟನ್ನೋ ಬೇಂದ್ರೆಯವರೂ ಲಾವಣಿಯಿಂದ, ಹೆಂಗಸರ ಹಾಡುಗಳಿಂದ ಎತ್ತಿಕೊಂಡವರೇ. ತೊಂದರೆ ಇರುವುದು ಮಾತಿನಲ್ಲಿ. ಸಾಗರದವರಾದ ನೀವು ಕವಿತೆಯೊಳಗೆ ಕಾಲಿಟ್ಟ ಕೂಡಲೇ ಧಾರವಾಡದವರಾಗಿಬಿಡುತ್ತೀರಿ. ನಿಮ್ಮ ಮನೆಯಲ್ಲಿ ಯಾರೂ “ಯಾಕವ್ವ” ಅನ್ನುವುದಿಲ್ಲ, “ಎಂತಕ್ಕೆ” ಅನ್ನುತ್ತಾರೆ. ಅದೇ ಪತ್ರದಲ್ಲಿ ನೀವು ಚಿಕ್ಕಂದಿನ ಅಡಿಕೆ ಸುಲಿಯುವ ರಾತ್ರಿಗಳ ಬಗ್ಗೆ ಬರೆದಿದ್ದೀರಿ: ಮೆಟ್ಟುಗತ್ತಿ ಮುಂದಿಟ್ಟುಕೊಂಡು ಸಾಲಾಗಿ ಕೂತ ಹೆಂಗಸರು, ನಿದ್ದೆ ಬಾರದಿರಲೆಂದು ಹೇಳಿಕೊಳ್ಳುತ್ತಿದ್ದ ಕತೆಗಳು. ಆ ಒಂದು ಪುಟ ಎರಡೂ ಕವಿತೆಗಳಿಗಿಂತ ಚೆನ್ನಾಗಿದೆ. ಅದನ್ನು ಬರೆಯುವಾಗ ನೀವು ಕವಿತೆ ಬರೆಯುತ್ತಿದ್ದೇನೆ ಎಂದುಕೊಂಡಿರಲಿಲ್ಲ.

ಗೋಪಾಲಕೃಷ್ಣ ಅಡಿಗರ ದಾರಿಯನ್ನು ಸ್ವಲ್ಪ ನೋಡಿ. ಅವರ ಮೊದಲ ಸಂಕಲನ ‘ಭಾವತರಂಗ’ 1946ರಲ್ಲಿ ಬಂತು. ಮುನ್ನುಡಿ ಬರೆದವರು ಬೇಂದ್ರೆ. ಒಳಗಿನ ಕವಿತೆಗಳ ಮೇಲೆ ಬೇಂದ್ರೆ ಮತ್ತು ಆ ಕಾಲದ ಹಿರಿಯರ ನೆರಳು ದಟ್ಟವಾಗಿತ್ತು. ಇತರರ ದಾರಿ ಸಾಕು, ನನ್ನ ನುಡಿ ನನಗೆ ಬೇಕು ಎಂಬ ಹಂಬಲವೂ ಅದೇ ಪುಸ್ತಕದಲ್ಲಿದೆ. ಎಂದರೆ ನೆರಳಿನಲ್ಲಿ ಕೂತೇ ಅವರು ನೆರಳಿನ ಬಗ್ಗೆ ಬರೆದರು. ಮುಂದೆ ಟಿ.ಎಸ್. ಎಲಿಯಟ್‌ನನ್ನು ಗಾಢವಾಗಿ ಓದಿಕೊಂಡರು. ಒಬ್ಬರಿಂದ ಬಿಡಿಸಿಕೊಂಡು ಇನ್ನೊಬ್ಬರ ಕೈಗೆ ಸಿಕ್ಕಂತಾಯಿತಲ್ಲ ಎನಿಸಬಹುದು. 1954ರ ಸಂಕಲನದ ಹೆಸರು ನೋಡಿ: ‘ಚಂಡೆಮದ್ದಳೆ’. ಮೊಗೇರಿಯ ಹುಡುಗನಾಗಿ ಅಡಿಗರು ಯಕ್ಷಗಾನದ ರಾತ್ರಿಗಳಲ್ಲಿ ಕೇಳಿದ ಸದ್ದು ಅದು. ಇಂಗ್ಲಿಷ್ ಕವಿಯನ್ನು ಓದಿದ್ದರಿಂದ ಅವರಿಗೆ ಲಂಡನ್ ಸಿಗಲಿಲ್ಲ, ತಮ್ಮ ಕರಾವಳಿಯೇ ಹೊಸದಾಗಿ ಸಿಕ್ಕಿತು. ಒಳ್ಳೆಯ ಪ್ರಭಾವದ ಗುರುತು ಇದು ಎಂದು ನಾನು ನಂಬಿದ್ದೇನೆ.

ಕವಿ ಚಂದ್ರಶೇಖರ ಕಂಬಾರರ ಕಥೆ ಬೇರೆ. ಘೋಡಗೇರಿಯವರಾದ ಅವರಿಗೆ ಉತ್ತರ ಕರ್ನಾಟಕದ ಮಾತೇ ಮನೆಯ ಮಾತು, ಲಾವಣಿಯೇ ಕಿವಿಗೆ ಬಿದ್ದ ಹಾಡು. 1964ರ ‘ಹೇಳತೇನ ಕೇಳ’ದಲ್ಲಿ ಅವರು ಅದೇ ಸೀಮೆಯಲ್ಲಿ ನಿಂತು ಬೇಂದ್ರೆ ಹೇಳದ ಕತೆ ಹೇಳಿದರು. ಅವರಿಗೆ ಸಲ್ಲುವುದು ನಿಮಗೆ ಸಲ್ಲದು. ನಿಮ್ಮ ಸೀಮೆ ಬೇರೆ.

ಈಗ ಮಾಡಬೇಕಾದ್ದು. ಬೇಂದ್ರೆಯವರ ನಿಮ್ಮಿಷ್ಟದ ಒಂದು ಕವಿತೆಯನ್ನು ನೋಟ್‌ಬುಕ್ಕಿನಲ್ಲಿ ಕೈಯಾರೆ ಬರೆದುಕೊಳ್ಳಿ. ಸಾಲುಗಳ ಮಾತ್ರೆ (ಲಘುವಿಗೆ ಒಂದು, ಗುರುವಿಗೆ ಎರಡು) ಎಣಿಸಿ. ಪಕ್ಕದಲ್ಲಿ ಸಾದಾ ಗದ್ಯದಲ್ಲಿ, ಆ ಕವಿತೆ ಎಲ್ಲಿಂದ ಹೊರಡುತ್ತದೆ, ಎಲ್ಲಿ ತಿರುಗುತ್ತದೆ, ಯಾರನ್ನು ಕರೆದು ಮಾತಾಡುತ್ತದೆ, ಎಲ್ಲಿ ಸುಮ್ಮನಾಗುತ್ತದೆ ಎಂದು ಗುರುತು ಹಾಕಿಕೊಳ್ಳಿ. ಪುಸ್ತಕ ಮುಚ್ಚಿಡಿ. ಆ ನಡೆಯನ್ನೇ ಇಟ್ಟುಕೊಂಡು ಅಡಿಕೆ ಸುಲಿಯುವ ರಾತ್ರಿಯ ಬಗ್ಗೆ ಬರೆಯಿರಿ. ಒಂದೆರಡು ವಾರ ಬಿಟ್ಟು ತೆಗೆದು ಓದಿ, ನಿಮ್ಮ ಅಮ್ಮನೋ ಚಿಕ್ಕಮ್ಮನೋ ಬಾಯಲ್ಲಿ ಆಡಲಾರದ ಪದಗಳಿಗೆಲ್ಲ ಕೆಳಗೆ ಗೆರೆ ಎಳೆಯಿರಿ. ತಿದ್ದಬೇಕಾದ್ದು ಅಲ್ಲಿಯೇ. ಎಲ್ಲ ಗೆರೆ ಎಳೆದ ಪದಗಳನ್ನೂ ತೆಗೆಯಬೇಕೆಂದಿಲ್ಲ. ಯಾಕೆ ಇಟ್ಟುಕೊಂಡಿದ್ದೀರಿ ಎಂಬುದಕ್ಕೆ ನಿಮ್ಮಲ್ಲಿ ಉತ್ತರವಿದ್ದರೆ ಸಾಕು.

ಮೊದಲ ಕೆಲವು ಕವಿತೆಗಳಲ್ಲಿ ಬೇಂದ್ರೆ ಆಗಲೂ ಇಣುಕುತ್ತಾರೆ. ಇಣುಕಲಿ ಬಿಡಿ.

ಪ್ರಶ್ನೆ: ನನಗೆ 24 ವರ್ಷ. ಊರು ಮಂಡ್ಯದ ಕಡೆ, ಈಗ ಬೆಂಗಳೂರಿನ ಪಿ.ಜಿ.ಯಲ್ಲಿದ್ದೇನೆ. ಕೆ.ಎಸ್.ನ. ಅವರಂತೆ ಪ್ರೇಮಗೀತೆ ಬರೆಯುವ ಆಸೆ. ಬರೆದದ್ದರಲ್ಲಿ ಮಲ್ಲಿಗೆ, ಬಳೆ, ಮಾವನ ಮನೆ ಎಲ್ಲ ಬರುತ್ತವೆ. ನನಗಿನ್ನೂ ಮದುವೆಯೇ ಆಗಿಲ್ಲ! ಗೆಳೆಯರು ಛೇಡಿಸುತ್ತಾರೆ. ಇವುಗಳ ಜಾಗದಲ್ಲಿ ಮೆಟ್ರೊ, ಮೊಬೈಲು ಹಾಕಿದರೆ ಹೊಸದಾಗುತ್ತದೆಯೆ?
— ಓದುಗ, ವಿಜಯನಗರ, ಬೆಂಗಳೂರು

ಉತ್ತರ: ಇಲ್ಲದ ಮಾವನ ಮನೆಯ ಬಗ್ಗೆ ಬರೆದದ್ದಕ್ಕೆ ನಾಚಿಕೊಳ್ಳಬೇಡಿ. ಕಲ್ಪನೆಗೆ ಅಷ್ಟು ಸಲಿಗೆ ಇದ್ದೇ ಇದೆ. ಆದರೂ ನಿಮ್ಮ ಗೆಳೆಯರ ನಗುವಿನಲ್ಲಿ ಒಂದು ಎಳೆ ಸತ್ಯವಿದೆ ಎಂದು ನಿಮಗೇ ಅನ್ನಿಸಿರುವುದರಿಂದ ಈ ಪತ್ರ ಬಂದಿದೆ.

ಬಳೆಯ ಜಾಗದಲ್ಲಿ ಮೊಬೈಲು ಇಟ್ಟರೆ ಆಗುವುದು ಮೇಲಿನ ಉತ್ತರದಲ್ಲಿ ಹೇಳಿದ ಎರಡನೆಯ ಬಗೆ: ಬಣ್ಣ ಬದಲು, ಒಳಗೆ ಹಳೆಯದೇ. ಇತ್ತೀಚೆಗೆ ಇಂಥ ಕವಿತೆಗಳು ರಾಶಿ ಬರುತ್ತಿವೆ, ನನಗಂತೂ ಬೇಸರ ಬಂದಿದೆ.

ಕೆ.ಎಸ್. ನರಸಿಂಹಸ್ವಾಮಿಯವರು ತಾವೇ ಏನು ಮಾಡಿದರು ನೋಡಿ. ಸ್ಕಾಟ್ಲೆಂಡಿನ ರಾಬರ್ಟ್ ಬರ್ನ್ಸ್ (1759–1796) ಅವರಿಗೆ ಪ್ರಿಯನಾದ ಕವಿ. ಅವನ ಪ್ರೇಮಗೀತೆಗಳನ್ನು ಕನ್ನಡಕ್ಕೂ ತಂದರು. ಬರ್ನ್ಸ್ ಕೂಡ ತನ್ನ ನಾಡಿನ ಹಳೆಯ ಜನಪದ ಹಾಡುಗಳನ್ನು ಹುಡುಕಿ, ತಿದ್ದಿ, ಹೊಸದಾಗಿ ಬರೆದವನೇ. ಕಿಕ್ಕೇರಿಯವರಾದ ಕೆ.ಎಸ್.ನ. ಅವನಿಂದ ಕಲಿತದ್ದು ಹಾಡಲು ಬರುವಂಥ ಸರಳ ನಡೆ, ಎದುರಿಗೆ ನಿಂತವರೊಡನೆ ನೇರವಾಗಿ ಆಡುವ ಮಾತು, ದಿನದಿನದ ಬದುಕಿನಲ್ಲೇ ಪ್ರೇಮವನ್ನು ಕಾಣುವ ಕಣ್ಣು. ಸ್ಕಾಟ್ಲೆಂಡಿನ ಹೊಲಗಳನ್ನು ಅವರು ತರಲಿಲ್ಲ. 1942ರ ‘ಮೈಸೂರು ಮಲ್ಲಿಗೆ’ಯಲ್ಲಿ ಇರುವುದು ಹಳೆಯ ಮೈಸೂರಿನ ಹಳ್ಳಿಮನೆ.

ಇನ್ನೊಂದು ಸಂಗತಿ ನನಗೆ ಮುಖ್ಯವಾಗಿ ಕಾಣುತ್ತದೆ. ಆ ಪುಸ್ತಕದ ಪ್ರೇಮದಲ್ಲಿ ಗಂಡ ಹೆಂಡತಿ ಇಬ್ಬರೇ ಇರುವುದು ಕಡಿಮೆ. ಅತ್ತೆ ಇದ್ದಾರೆ, ಮಾವ ಇದ್ದಾರೆ, ನಾದಿನಿ ಇದ್ದಾಳೆ, ಸುದ್ದಿ ಒಯ್ಯುವ ಬಳೆಗಾರನಿದ್ದಾನೆ. ಮೂರನೆಯವರ ಕಣ್ಣು ತಪ್ಪಿಸಿಯೋ, ಮೂರನೆಯವರ ಬಾಯಿಂದಲೋ ಪ್ರೇಮ ಅಲ್ಲಿ ಹರಿಯುತ್ತದೆ. ನೀವು ಎರವಲು ಪಡೆಯಬೇಕಾದ್ದು ಬಳೆಯನ್ನಲ್ಲ, ಈ ಏರ್ಪಾಟನ್ನು. ನಿಮ್ಮ ಬದುಕಿನಲ್ಲಿ ಆ ಮೂರನೆಯವರು ಯಾರು? ರಾತ್ರಿ ಪಾಳಿ ಮುಗಿಸಿ ಬಂದು ದೀಪ ಆರಿಸು ಎನ್ನುವ ರೂಮ್‌ಮೇಟೆ? ಹತ್ತು ಗಂಟೆಗೆ ಗೇಟು ಹಾಕುವ ಪಿ.ಜಿ. ಆಂಟಿಯೆ? ಭಾನುವಾರ ಬೆಳಿಗ್ಗೆ ಫೋನು ಮಾಡಿ, ಒಂದು ಜಾತಕ ಬಂದಿದೆ ಎನ್ನುವ ಅಮ್ಮನೆ? ಅವರಲ್ಲೊಬ್ಬರನ್ನು ಕವಿತೆಯೊಳಗೆ ಕರೆದು ಮಾತಾಡಿಸಿ ನೋಡಿ. ಮಲ್ಲಿಗೆ ತಾನಾಗಿ ಬಂದರೆ ಬರಲಿ. ವಿಜಯನಗರದ ಮಾರ್ಕೆಟ್ಟಿನಲ್ಲಿ ಅದಕ್ಕೇನೂ ಬರವಿಲ್ಲ.

ಕೆ.ಎಸ್.ನ. ಅಲ್ಲಿಯೇ ನಿಲ್ಲಲಿಲ್ಲ ಎಂಬುದೂ ನೆನಪಿರಲಿ. 1958ರ ‘ಶಿಲಾಲತೆ’ ಓದಿ. ಮುಂದೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ತೆರೆದ ಬಾಗಿಲು’ ಓದಿ. ಒಂದು ಕಾಲದ ಕೆ.ಎಸ್.ನ. ಅವರನ್ನಷ್ಟೇ ಗುರು ಮಾಡಿಕೊಂಡರೆ ಅವರಿಗೂ ಅನ್ಯಾಯ.

ಪ್ರಶ್ನೆ: ನಮ್ಮ ಗಜಲ್ ಬಳಗದಲ್ಲಿ ವಾರಕ್ಕೊಮ್ಮೆ ಹಿರಿಯ ಕವಿಯೊಬ್ಬರ ಒಂದು ಸಾಲು ಕೊಟ್ಟು ‘ತರಹಿ’ ಬರೆಸುತ್ತಾರೆ. ನನಗೆ ಬಹಳ ಖುಷಿ. ಆದರೆ ನನ್ನ ಗೆಳತಿ, “ಬೇರೆಯವರ ಸಾಲು ಹಾಕಿಕೊಂಡು ಬರೆಯುವುದು ಕಳ್ಳತನ ಅಲ್ವಾ?” ಅಂದಳು. ಅಂದಿನಿಂದ ಮನಸ್ಸು ಕೊರೆಯುತ್ತಿದೆ. ಇವನ್ನೆಲ್ಲ ಸೇರಿಸಿ ಪುಸ್ತಕ ಮಾಡಬಹುದೆ?
— ಎಂ.ಎ. ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಕಳ್ಳತನ ಅಲ್ಲ. ಎಲ್ಲರಿಗೂ ಕಾಣುವಂತೆ, ಇಂಥವರ ಸಾಲು ಎಂದು ಹೇಳಿಯೇ ಕೈಗೆತ್ತಿಕೊಂಡದ್ದು ಕಳವು ಹೇಗಾದೀತು? ಗೆಳತಿ ಕೇಳಿದ ಪ್ರಶ್ನೆ ಮಾತ್ರ ಒಳ್ಳೆಯದೇ. ತರಹಿಯ ಪದ್ಧತಿ ಗೊತ್ತಿಲ್ಲದವರಿಗೆ ಹಾಗನ್ನಿಸುವುದು ಸಹಜ.

ಉರ್ದು ಮುಶಾಯಿರಾಗಳಲ್ಲಿ (ಕವಿಗೋಷ್ಠಿಗಳಲ್ಲಿ) ಮೊದಲೇ ಒಂದು ಮಿಸ್ರಾ (ಸಾಲು) ಕೊಟ್ಟು, ಅದರ ಛಂದಸ್ಸು, ಕಾಫಿಯಾ (ಪ್ರಾಸ), ರದೀಫ್ (ಪ್ರಾಸದ ನಂತರ ಬದಲಾಗದೆ ಮರಳಿ ಬರುವ ಪದ) ಉಳಿಸಿಕೊಂಡು ಬಂದವರೆಲ್ಲ ಗಜಲ್ ಬರೆದು ತರುವ ರೂಢಿ ಹಳೆಯದು. ಕೊಟ್ಟ ಸಾಲಿಗೆ ನಿಮ್ಮದೊಂದು ಸಾಲು ಸೇರಿಸಿ ಶೇರ್ (ದ್ವಿಪದಿ) ಪೂರ್ತಿ ಮಾಡುವುದಕ್ಕೆ ಗಿರಹ್ (ಗಂಟು) ಹಾಕುವುದು ಎನ್ನುತ್ತಾರೆ. ಎಲ್ಲರ ಕೈಯಲ್ಲೂ ಇರುವುದು ಒಂದೇ ಸಾಲು, ಆದ್ದರಿಂದ ಯಾರ ಗಂಟು ಗಟ್ಟಿ ಎಂಬುದು ಕೂಡಲೇ ತಿಳಿದುಹೋಗುತ್ತದೆ. ನಮ್ಮ ಅವಧಾನಗಳಲ್ಲಿ ಸಮಸ್ಯಾಪೂರಣವೂ (ಕೊಟ್ಟ ಸಾಲಿಗೆ ಹೊಂದುವ ಪದ್ಯ ಕಟ್ಟುವುದೂ) ಇದಕ್ಕೆ ಹತ್ತಿರದ್ದು. ಅಲ್ಲಿ ಪೃಚ್ಛಕರು (ಪ್ರಶ್ನೆ ಒಡ್ಡುವವರು) ಬೇಕೆಂದೇ ಅಡ್ಡಾದಿಡ್ಡಿ ಅರ್ಥದ ಸಾಲು ಕೊಡುತ್ತಾರೆ. ತರಹಿಯಲ್ಲಿ ಪ್ರೀತಿಯಿಂದ ಆರಿಸಿದ ಸಾಲು ಬರುತ್ತದೆ, ಅಷ್ಟೇ ವ್ಯತ್ಯಾಸ. ನಿಮ್ಮ ಸೀಮೆಯವರೇ ಆದ ರಾಯಚೂರಿನ ಶಾಂತರಸರು ಕನ್ನಡ ಗಜಲಿಗೆ ನೆಲ ಹಸನು ಮಾಡಿಕೊಟ್ಟವರು. ಅವರ ಗಜಲುಗಳನ್ನು ಕೂತು ಓದಿ. ಉರ್ದುವಿನ ಕಟ್ಟು ಕನ್ನಡದ ಜಾಯಮಾನಕ್ಕೆ ಎಲ್ಲಿ ಬಗ್ಗಿದೆ, ಎಲ್ಲಿ ಬಗ್ಗಿಲ್ಲ ಎಂಬುದು ಗೊತ್ತಾಗುತ್ತದೆ.

ಪುಸ್ತಕ ಮಾಡಿ. ಮಾಡುವಾಗ ಕೊಟ್ಟ ಸಾಲನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟು, ಅದೇ ಪುಟದ ಕೆಳಗೆ ಮೂಲ ಕವಿಯ ಹೆಸರು ಹಾಕಿ. ಪುಸ್ತಕದ ಕೊನೆಗೆ ಎಲ್ಲ ಹೆಸರುಗಳನ್ನೂ ಒಟ್ಟಿಗೆ ತುರುಕಿದರೆ ಯಾವುದು ಯಾರದ್ದೆಂದು ತಿಳಿಯದು. ಆ ಕವಿ ನಮ್ಮ ನಡುವೆ ಇದ್ದರೆ ಒಂದು ಫೋನು ಮಾಡಿ ತಿಳಿಸಿ, ಸಾಮಾನ್ಯವಾಗಿ ಸಂತೋಷಪಡುತ್ತಾರೆ.

ಒಂದು ಎಚ್ಚರ ಮಾತ್ರ ಹೇಳಬೇಕು. ವಾರ ವಾರವೂ ಇನ್ನೊಬ್ಬರು ಆರಿಸಿದ ರದೀಫ್ ಹಿಡಿದೇ ಬರೆದರೆ, ಯಾವ ಪದ ನಿಮ್ಮನ್ನು ಕಾಡುತ್ತಿದೆ ಎಂದು ಕೇಳಿಕೊಳ್ಳುವ ಸಂದರ್ಭವೇ ಬರುವುದಿಲ್ಲ. ಗಾಲಿಬ್ ಎಳೆಯ ವಯಸ್ಸಿನಲ್ಲಿ ಬೇದಿಲ್ ಎಂಬ ಫಾರ್ಸಿ ಕವಿಯ ಜಟಿಲ ಶೈಲಿಗೆ ಮಾರುಹೋಗಿ ಬಹಳ ಬರೆದ, ಮುಂದೆ ಅದರಿಂದ ಹೊರಬಂದ. ಬೇದಿಲ್‌ನ ಜೊತೆ ಪಟ್ಟ ಪಾಡು ವ್ಯರ್ಥವಾಯಿತೆಂದು ಹೇಳಲಾಗದು. ಗಾಲಿಬನ ಒಂದು ಶೇರ್‌ನಲ್ಲಿ ಅಷ್ಟೊಂದು ಅರ್ಥ ಹಿಡಿಯುವುದು ಆ ಪಳಗುವಿಕೆಯಿಂದಲೇ ಇರಬೇಕು ಎಂದು ನನ್ನ ಅನಿಸಿಕೆ. ಎರಡು ತರಹಿ ಬರೆದರೆ ನಿಮ್ಮದೇ ರದೀಫ್‌ನ ಒಂದು ಗಜಲ್ ಬರೆಯುವ ವ್ರತ ಇಟ್ಟುಕೊಳ್ಳಿ.

ಪ್ರಶ್ನೆ: ನಿವೃತ್ತ ಗಣಿತ ಶಿಕ್ಷಕ. ಡಿ.ವಿ.ಜಿ.ಯವರ ಕಗ್ಗದ ಮಾದರಿಯಲ್ಲಿ ಇನ್ನೂರಕ್ಕೂ ಹೆಚ್ಚು ಚೌಪದಿ ಬರೆದಿದ್ದೇನೆ. ಪ್ರತಿಯೊಂದರ ಕೊನೆಗೂ ‘ಮಂಕುತಿಮ್ಮ’ ಎಂದೇ ಇಟ್ಟಿದ್ದೇನೆ. ಗುರುವಿಗೆ ಸಲ್ಲಿಸುವ ಗೌರವ ಎಂದುಕೊಂಡಿದ್ದೆ. ಮಗ, ಅಚ್ಚು ಹಾಕಿಸಿದರೆ ಕೇಸು ಬೀಳುತ್ತದೆ ಅನ್ನುತ್ತಾನೆ. ನಿಜವೆ?
— ಚಿಂತಾಮಣಿ

ಉತ್ತರ: ಕೇಸಿನ ಭಯ ಪಕ್ಕಕ್ಕಿಡಿ. ಐದು ಮಾತ್ರೆಯ ಗಣಗಳ ನಡೆ, ನಾಲ್ಕು ಸಾಲಿನ ಕಟ್ಟು, ಎರಡನೆಯ ಅಕ್ಷರದ ಪ್ರಾಸ — ಇವು ಯಾರೊಬ್ಬರ ಆಸ್ತಿಯೂ ಅಲ್ಲ. ಹಿಂದೆ ಭಾಮಿನಿ ಷಟ್ಪದಿಯಲ್ಲಿ ಕುಮಾರವ್ಯಾಸನೊಬ್ಬನೇ ಬರೆಯಲಿಲ್ಲವಲ್ಲ. ಗಣಿತದವರಾದ ನಿಮಗೆ ಮಾತ್ರೆ ತಪ್ಪುವುದಿಲ್ಲ. ಕಳಿಸಿದ ಹತ್ತು ಪದ್ಯಗಳಲ್ಲಿ ಎಲ್ಲಿಯೂ ಲಯ ಎಡವಿಲ್ಲ.

ನನಗೆ ತೊಡಕೆನಿಸುವುದು ಅಂಕಿತ (ಪದ್ಯದ ಕೊನೆಗೆ ಬರುವ ಗುರುತಿನ ಹೆಸರು). ಅಂಕಿತವೆಂದರೆ ಆ ಮಾತಿಗೆ ಯಾರು ಹೊಣೆ ಎಂಬುದರ ಗುರುತು. ‘ಮಂಕುತಿಮ್ಮ’ ಎಂದು ಕಂಡ ಕೂಡಲೇ ಓದುಗರು ಅದನ್ನು ಡಿ.ವಿ.ಜಿ.ಯವರ ಖಾತೆಗೆ ಹಾಕುತ್ತಾರೆ. ಈಗಲೇ ಮೊಬೈಲಿನಲ್ಲಿ ಹರಿದಾಡುವ ಎಷ್ಟೋ ‘ಕಗ್ಗ’ಗಳು 1943ರ ‘ಮಂಕುತಿಮ್ಮನ ಕಗ್ಗ’ದ 945 ಪದ್ಯಗಳಲ್ಲಿ ಹುಡುಕಿದರೂ ಸಿಗುವುದಿಲ್ಲ. ನಿಮ್ಮ ಒಳ್ಳೆಯ ಪದ್ಯ ಅವರ ಹೆಸರಿಗೆ ಹೋಗುತ್ತದೆ, ನಿಮ್ಮ ಸಪ್ಪೆ ಪದ್ಯದ ಭಾರವೂ ಅವರ ತಲೆಗೇ ಬೀಳುತ್ತದೆ. ಎರಡೂ ಗೌರವವಲ್ಲ. ಡಿ.ವಿ.ಜಿ.ಯವರೇ ಎರಡನೆಯ ಕಗ್ಗಕ್ಕೆ ಬಂದಾಗ ಮಂಕುತಿಮ್ಮನನ್ನು ಬಿಟ್ಟು ‘ಮರುಳ ಮುನಿಯ’ನನ್ನು ಕರೆದರು. ವಚನದ ದಾರಿ ಹಿಡಿದ ಸಿದ್ಧಯ್ಯ ಪುರಾಣಿಕರು ಬಸವಣ್ಣನವರ ಅಂಕಿತ ತೆಗೆದುಕೊಳ್ಳಲಿಲ್ಲ. ‘ಸ್ವತಂತ್ರಧೀರ ಸಿದ್ಧೇಶ್ವರ’ ಎಂಬ ತಮ್ಮದೇ ಅಂಕಿತ ಕಟ್ಟಿಕೊಂಡರು. ನಿಮ್ಮ ಊರಿನ ದೇವರೋ, ತರಗತಿಯ ಕೊನೆಯ ಬೆಂಚಿನ ಹುಡುಗನೋ, ನಿಮ್ಮ ಹೆಸರೋ, ಐದು ಮಾತ್ರೆಯ ನಡೆಗೆ ಹೊಂದುವ ಯಾವುದಾದರೂ ಆಗಬಹುದು. ಕೊನೆಯ ಬೆಂಚಿನ ಹುಡುಗ ನನಗೆ ಇಷ್ಟ. ಪುಸ್ತಕದ ಮೊದಲ ಪುಟದಲ್ಲಿ ಡಿ.ವಿ.ಜಿ.ಯವರಿಗೆ ಅರ್ಪಣೆ ಬರೆದು ಗೌರವ ತೀರಿಸಿ. ಅಂಕಿತ ಬದಲಾದಾಗ ಕೆಲವು ಪದ್ಯಗಳು ಇದ್ದಕ್ಕಿದ್ದಂತೆ ಸೊರಗಿ ಕಾಣಬಹುದು. ಅವು ಆ ಹೆಸರಿನ ಬಲದ ಮೇಲೆ ನಿಂತಿದ್ದವು, ಅವನ್ನು ಕೈಬಿಡಿ.

ಪ್ರಶ್ನೆ: ಚಿಲಿಯ ಕವಿ ಪಾಬ್ಲೊ ನೆರೂಡನ ಒಂದು ಕವಿತೆಯನ್ನು ಇಂಗ್ಲಿಷಿನಲ್ಲಿ ಓದಿ ಬಹಳ ಕಲಕಿಹೋದೆ. ಅದೇ ಗುಂಗಿನಲ್ಲಿ ಕನ್ನಡದಲ್ಲಿ ಒಂದು ಕವಿತೆ ಬರೆದೆ. ಇದು ಅನುವಾದವಲ್ಲ, ಆದರೆ ಅವನ ಕವಿತೆ ಇಲ್ಲದಿದ್ದರೆ ಇದು ಹುಟ್ಟುತ್ತಿರಲಿಲ್ಲ. ವಿಶೇಷಾಂಕದ ಸ್ಪರ್ಧೆಗೆ ಕಳಿಸಬೇಕೆಂದಿದ್ದೇನೆ. ‘ಸ್ವಂತ ರಚನೆ’ ಎಂದು ಸಹಿ ಹಾಕಬೇಕಂತೆ. ಹಾಕಬಹುದೆ? ಹೇಳಿಬಿಟ್ಟರೆ ತಳ್ಳಿಹಾಕುತ್ತಾರೇನೋ ಎಂಬ ಭಯ.
— ಓದುಗರು, ಮಂಗಳೂರು

ಉತ್ತರ: ಸಹಿ ಹಾಕುವ ಮುಂಚೆ ಕೈ ನಡುಗಿದ್ದು ನಿಮ್ಮ ಪ್ರಾಮಾಣಿಕತೆಯ ಲಕ್ಷಣ. ನಿಮಗೆ ಒಂದು ಕತೆ ಹೇಳುತ್ತೇನೆ, ನೆರೂಡನದ್ದೇ.

1924ರಲ್ಲಿ, ಇನ್ನೂ ಇಪ್ಪತ್ತರ ಹೊಸ್ತಿಲಲ್ಲಿದ್ದ ಹುಡುಗನಾಗಿದ್ದಾಗ, ಅವನ ಇಪ್ಪತ್ತು ಪ್ರೇಮಕವಿತೆಗಳ ಸಂಕಲನ ಬಂತು. ಅದರ ಹದಿನಾರನೆಯ ಕವಿತೆ ನಮ್ಮ ರವೀಂದ್ರನಾಥ ಠಾಕೂರರ ‘ದಿ ಗಾರ್ಡನರ್’ ಸಂಕಲನದ ಮೂವತ್ತನೆಯ ಕವಿತೆಯನ್ನು ಬಹಳ ಹತ್ತಿರದಿಂದ ಹಿಂಬಾಲಿಸುತ್ತದೆ. ಪುಸ್ತಕದಲ್ಲಿ ಠಾಕೂರರ ಹೆಸರಿರಲಿಲ್ಲ. 1930ರ ದಶಕದಲ್ಲಿ ಚಿಲಿಯ ಸಾಹಿತ್ಯ ವಲಯದಲ್ಲಿ ಇದೇ ಒಂದು ರಂಪವಾಯಿತು, ಕೃತಿಚೌರ್ಯದ ಆರೋಪ ಬಂತು. ಮುಂದಿನ ಮುದ್ರಣಗಳಲ್ಲಿ ಅದು ಠಾಕೂರರ ಕವಿತೆಯ ಭಾವಾನುಸರಣೆ ಎಂಬ ಸೂಚನೆ ಸೇರಿತು. ಆ ಒಂದು ಸಾಲು ಮೊದಲೇ ಇದ್ದಿದ್ದರೆ ಗದ್ದಲಕ್ಕೆ ಜಾಗವೇ ಇರುತ್ತಿರಲಿಲ್ಲ. ಕವಿತೆಯೇನೂ ಸಣ್ಣದಾಗುತ್ತಿರಲಿಲ್ಲ.

ನಮ್ಮವರು ಇದರಲ್ಲಿ ಸಂಕೋಚಪಟ್ಟವರಲ್ಲ. ಬಿ.ಎಂ. ಶ್ರೀಕಂಠಯ್ಯನವರು ತಮ್ಮ ಪುಸ್ತಕಕ್ಕೆ ‘ಇಂಗ್ಲಿಷ್ ಗೀತಗಳು’ ಎಂದೇ ಹೆಸರಿಟ್ಟರು; ಆ ಗೀತಗಳಿಗಾಗಿ ಅವರು ಹದಗೊಳಿಸಿದ ಹೊಸ ಛಂದಸ್ಸಿನಲ್ಲಿ ಒಂದು ತಲೆಮಾರು ಕನ್ನಡ ಕವಿತೆ ಬರೆಯಿತು. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಗೆ ಮೂಲ ರಾಬರ್ಟ್ ಬ್ರೌನಿಂಗ್‌ನ ಕವಿತೆ; ಅದರೊಳಗಿನ ಜರ್ಮನಿಯ ಊರು ಬೊಮ್ಮನಹಳ್ಳಿಯಾಗಿ, ಕೊಳಲೂದುವವನು ಕಿಂದರಿಜೋಗಿಯಾಗಿ ಕನ್ನಡದ ಮಕ್ಕಳ ಬಾಯಲ್ಲಿ ಉಳಿದ. ಎಲಿಯಟ್ ‘ದಿ ವೇಸ್ಟ್ ಲ್ಯಾಂಡ್’ 1922ರಲ್ಲಿ ಪುಸ್ತಕವಾದಾಗ ಕೊನೆಗೆ ಟಿಪ್ಪಣಿಗಳನ್ನೇ ಹಾಕಿ ಯಾವುದು ಎಲ್ಲಿಂದ ಬಂತೆಂದು ತೋರಿಸಿದ.

ನಿಮ್ಮದು ಯಾವ ಬಗೆ ಎಂದು ಹೀಗೆ ನೋಡಿ. ಸಾಲಿನ ಬೆನ್ನಿಗೆ ಸಾಲು ಅವನದ್ದೇ ಆಗಿದ್ದರೆ ಅನುವಾದ. ಕಥೆ, ಚೌಕಟ್ಟು ಅವನದ್ದು, ಊರು ಜನ ನಿಮ್ಮದಾಗಿದ್ದರೆ ರೂಪಾಂತರ. ಅವನು ಎಬ್ಬಿಸಿದ ಒಂದು ಪ್ರಶ್ನೆಗೆ ನೀವು ನಿಮ್ಮದೇ ಉತ್ತರ ಹುಡುಕಿದ್ದರೆ ಪ್ರೇರಣೆ. ನಿಮ್ಮ ಕವಿತೆಯಲ್ಲಿ ನೇತ್ರಾವತಿ ದಂಡೆಯ ಹಂಚಿನ ಕಾರ್ಖಾನೆಯೂ ಮುಚ್ಚಿದ ಅದರ ಗೇಟಿನೆದುರು ನಿಂತ ತಂದೆಯೂ ಇದ್ದಾರೆ. ನೆರೂಡನಿಂದ ಬಂದಿರುವುದು ಮುಟ್ಟಿದ ವಸ್ತುಗಳನ್ನು ಒಂದೊಂದಾಗಿ ಹೆಸರಿಟ್ಟು ಕರೆಯುವ ಕ್ರಮ. ಇದು ಪ್ರೇರಣೆಯೇ. ಸಹಿ ಹಾಕಿ, ಶೀರ್ಷಿಕೆಯ ಕೆಳಗೆ ಸಣ್ಣಕ್ಷರದಲ್ಲಿ ‘ಪಾಬ್ಲೊ ನೆರೂಡನ ಇಂಥ ಕವಿತೆಯನ್ನು ಓದಿ’ ಎಂದು ಸೇರಿಸಿ. ಅದನ್ನು ಕಂಡು ತಳ್ಳಿಹಾಕುವ ತೀರ್ಪುಗಾರರಿದ್ದರೆ ಆ ಬಹುಮಾನದ ಆಸೆ ಬಿಡಿ.

ಕಾನೂನಿನ ಮಾತೂ ಹೇಳಿಬಿಡುತ್ತೇನೆ. 1957ರ ಕೃತಿಸ್ವಾಮ್ಯ ಕಾಯಿದೆ ಕಾಪಾಡುವುದು ಅಭಿವ್ಯಕ್ತಿಯನ್ನು (ಬರೆದ ಮಾತುಗಳನ್ನು), ಆಲೋಚನೆಯನ್ನಲ್ಲ. ನಾಟಕ ಮತ್ತು ಸಿನಿಮಾದ ನಡುವಣ ಒಂದು ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು 1978ರಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಪ್ರೇರಣೆಗೆ ಯಾರ ಅಪ್ಪಣೆಯೂ ಬೇಡ. ಅನುವಾದ ಮಾಡಿ ಪ್ರಕಟಿಸುವುದಾದರೆ ಹಕ್ಕುದಾರರ ಅನುಮತಿ ಬೇಕು. ಕವಿ ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ ಹಕ್ಕು ಉಳಿಯುತ್ತದೆ. ನೆರೂಡ ತೀರಿಕೊಂಡದ್ದು 1973ರಲ್ಲಿ, ಆದ್ದರಿಂದ 2033ರ ಕೊನೆಯವರೆಗೆ. ಮೊದಲು ಈ ಅವಧಿ 50 ವರ್ಷವಿತ್ತು. 1941ರಲ್ಲಿ ತೀರಿಕೊಂಡ ಠಾಕೂರರ ಕೃತಿಗಳ ಹಕ್ಕು ಮುಗಿಯಲು ಬಂದಾಗಲೇ ಅದನ್ನು 60ಕ್ಕೆ ಏರಿಸಿದ್ದು.

ಪ್ರಶ್ನೆ: ನನ್ನ ಪ್ರಕಟವಾದ ಕವಿತೆಯ ಒಂದು ಸಾಲು ಮೊನ್ನೆ ಹಳೆಯ ಸಂಕಲನವೊಂದರಲ್ಲಿ ಹೆಚ್ಚುಕಡಿಮೆ ಹಾಗೆಯೇ ಸಿಕ್ಕಿತು. ಆ ಪುಸ್ತಕ ಕಾಲೇಜಿನಲ್ಲಿ ಓದಿದ್ದೆ, ಪೂರ್ತಿ ಮರೆತಿದ್ದೆ. ದೇವರಾಣೆ ಕದ್ದದ್ದಲ್ಲ. ರಾತ್ರಿ ನಿದ್ದೆ ಬರುತ್ತಿಲ್ಲ.
— ಹಾಸನ

ಉತ್ತರ: ನಿಮ್ಮ ಮಾತನ್ನು ನಂಬುತ್ತೇನೆ. ಓದಿದ್ದು ಮನಸ್ಸಿನಲ್ಲಿ ಉಳಿದು, ಎಲ್ಲಿ ಓದಿದ್ದೆಂಬುದು ಮಾತ್ರ ಅಳಿಸಿಹೋಗಿ, ಮುಂದೊಂದು ದಿನ ಅದು ನಮ್ಮದೇ ಹೊಳಹಿನ ವೇಷದಲ್ಲಿ ಬರುವುದುಂಟು (ಇದನ್ನು ಗುಪ್ತಸ್ಮೃತಿ ಎನ್ನಬಹುದು).

ಕಣ್ಣು ಕಿವಿ ಎರಡೂ ಇಲ್ಲದ ಹೆಲೆನ್ ಕೆಲ್ಲರ್ ಹನ್ನೊಂದು ವರ್ಷದವಳಿದ್ದಾಗ ಬರೆದ ‘ದಿ ಫ್ರಾಸ್ಟ್ ಕಿಂಗ್’ ಎಂಬ ಕತೆ 1892ರಲ್ಲಿ ಅಚ್ಚಾಯಿತು. ಅದು ಮಾರ್ಗರೆಟ್ ಕ್ಯಾನ್ಬಿ ಎಂಬ ಲೇಖಕಿಯ ಕತೆಯನ್ನು ಬಹಳವಾಗಿ ಹೋಲುತ್ತದೆಂದು ಆಮೇಲೆ ಗೊತ್ತಾಯಿತು. ಯಾರೋ ಹಿಂದೆ ಅವಳಿಗೆ ಓದಿ ಹೇಳಿದ್ದ ಕತೆ. ಅವಳಿಗೆ ನೆನಪೇ ಇರಲಿಲ್ಲ. ಆ ಮಗುವನ್ನು ಕೂರಿಸಿಕೊಂಡು ವಿಚಾರಣೆ ಮಾಡಿದರು. ಆಮೇಲೆ ಎಷ್ಟೋ ಕಾಲ ಏನು ಬರೆಯಹೋದರೂ ಇದು ನನ್ನದೇ ಹೌದೋ ಅಲ್ಲವೋ ಎಂಬ ಭಯ ಅವಳನ್ನು ಕಾಡಿತು. 1903ರಲ್ಲಿ ಪುಸ್ತಕವಾದ ಆತ್ಮಕಥೆಯಲ್ಲಿ ಅದನ್ನೆಲ್ಲ ಬಿಚ್ಚಿ ಬರೆದಳು, ಮುಂದೆಯೂ ಬರೆಯುತ್ತಲೇ ಹೋದಳು.

ನಿಮ್ಮ ಕೆಲಸ ಅದಕ್ಕಿಂತ ಸುಲಭ. ಪತ್ರಿಕೆಯ ಸಂಪಾದಕರಿಗೆ ನಾಲ್ಕು ಸಾಲಿನ ಪತ್ರ ಬರೆದು ಆಗಿದ್ದನ್ನು ಆಗಿದ್ದ ಹಾಗೆ ತಿಳಿಸಿ. ಬೇರೆಯವರು ಹುಡುಕಿ ತೋರಿಸುವ ಮುಂಚೆ ನೀವೇ ಹೇಳಿದರೆ ಅದಕ್ಕೆ ತೂಕ. ಕವಿತೆ ಪುಸ್ತಕಕ್ಕೆ ಸೇರುವಾಗ ಆ ಸಾಲು ತೆಗೆಯಿರಿ, ಇಲ್ಲವೇ ಉದ್ಧರಣ ಚಿಹ್ನೆ ಹಾಕಿ ಹೆಸರು ಕೊಡಿ. ಇನ್ನು ಮುಂದೆ ಓದುವಾಗ ಮನಸ್ಸಿಗೆ ಹಿಡಿಸಿದ ಸಾಲನ್ನು ಕವಿಯ ಹೆಸರಿನ ಜೊತೆ ಒಂದು ಬೇರೆ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ತೀರಾ ಸಲೀಸಾಗಿ ಬಂದ ಸಾಲಿನ ಮೇಲೆ ಅನುಮಾನ ಬಂದರೆ ಅದರಲ್ಲಿ ಹುಡುಕಬಹುದು. ಇವತ್ತೇ ಪತ್ರ ಬರೆದು ಹಾಕಿ, ನಿದ್ದೆ ಬರುತ್ತದೆ.

ಪ್ರಶ್ನೆ: ನನ್ನ ಮಗಳು ಒಂಬತ್ತನೇ ತರಗತಿ. ಅವಳಿಗೆ ಗೊತ್ತಿಲ್ಲದ ಹಾಗೆ ಅವಳ ಕವಿತೆಯ ನೋಟ್‌ಬುಕ್ ಓದಿದೆ. ಎಲ್ಲ ಪಠ್ಯಪುಸ್ತಕದ ಪದ್ಯಗಳ ಥರವೇ ಇವೆ. ಈಗಲೇ ತಿದ್ದಬೇಕೆ?
— ಗೃಹಿಣಿ, ಬಾಗಲಕೋಟೆ

ಉತ್ತರ: ತಿದ್ದಬೇಡಿ ತಾಯಿ. ಪದ್ಯದ ಹಾಗೆಯೇ ಬರೆಯಲು ಬಂದಿದೆ ಎಂದರೆ ಕಿವಿ ಚೆನ್ನಾಗಿದೆ ಎಂದರ್ಥ; ಆ ವಯಸ್ಸಿಗೆ ಅಷ್ಟು ಸಾಕು. ಕುವೆಂಪು ಅವರ ಮೊದಲ ಪುಸ್ತಕ ಇಂಗ್ಲಿಷ್ ಕವಿತೆಗಳದ್ದು. ಕನ್ನಡದಲ್ಲಿ ಬರೆಯಿರಿ ಎಂದು ಐರಿಷ್ ಕವಿ ಜೇಮ್ಸ್ ಕಸಿನ್ಸ್ ಹೇಳುವ ಹೊತ್ತಿಗೆ ಅವರಿಗೆ ಇಪ್ಪತ್ತು ತುಂಬುತ್ತ ಬಂದಿತ್ತು. ನಿಮ್ಮ ಹುಡುಗಿಗೆ ಬೇಕಾದಷ್ಟು ಸಮಯವಿದೆ.

ಪಠ್ಯದ ಆಚೆಯ ಪುಸ್ತಕಗಳನ್ನು ಮನೆಯಲ್ಲಿ ಕೈಗೆ ಸಿಗುವಂತೆ ಇಡಿ. ನಿಮ್ಮ ಸೀಮೆಗೆ ಹತ್ತಿರದ್ದೇ ಬೇಕೆಂದರೆ, ಹಲಸಂಗಿಯ ಗೆಳೆಯರು ಸಂಗ್ರಹಿಸಿ 1931ರಲ್ಲಿ ಹೊರತಂದ ‘ಗರತಿಯ ಹಾಡು’ ಇದೆ. ಅದರ ತ್ರಿಪದಿಗಳಲ್ಲಿ ಕೆಲವು ನಿಮಗೋ ನಿಮ್ಮ ತಾಯಿಗೋ ಬಾಯಿಗೇ ಬರುತ್ತಿರಬಹುದು. ರೊಟ್ಟಿ ಬಡಿಯುವಾಗ ಅವಳ ಕಿವಿಗೆ ಬೀಳುವಂತೆ ಹೇಳಿಕೊಳ್ಳಿ.

ಮತ್ತೆ, ಆ ನೋಟ್‌ಬುಕ್ಕನ್ನು ಇನ್ನು ಮುಂದೆ ಅವಳನ್ನು ಕೇಳದೆ ತೆರೆಯಬೇಡಿ. ನನಗೆ ಎರಡು ಪದ್ಯ ನಕಲು ಮಾಡಿ ಕಳಿಸಿದ್ದೀರಿ. ಅವನ್ನು ನಾನು ಓದಿಲ್ಲ, ಹಾಗೆಯೇ ಲಕೋಟೆಯಲ್ಲಿ ಹಿಂದಕ್ಕೆ ಕಳಿಸುತ್ತಿದ್ದೇನೆ. ಅವಳೇ ಕಳಿಸಿದರೆ ಖಂಡಿತ ಓದುತ್ತೇನೆ.